ಇಬ್ಬರ ಕೈಲೆ ಏಳದ ಜನರೇಟರ್ ಗುಡ್ಡಕ್ಕ ಒಯ್ಯಬ್ಯಾಡ್ರಿ

ಭಾರತ ಹುಣ್ಣಿಮೆ ಹತ್ರ ಬಂತು. ಕಡ್ಲಿ ಕಿತ್ತು ರಾಶಿ ಮುಗೀತಿದ್ದಂಗ ನಮ್ಮ ಕಡೆ ಊರೂರಿಂದ ಟ್ರ್ಯಾಕ್ಟರ್ ಹೊರಡತಾವ, ಸವದತ್ತಿ ಎಲ್ಲವ್ವನ ಗುಡ್ಡಕ್ಕ. ಟ್ರೇಲರಿಗೆ ಬಿದಿರು ಬಗ್ಗಿಸಿ ಕಟ್ಟಿ, ಮ್ಯಾಲ ತಾಡಪತ್ರಿ ಹೊದಿಸಿ, ಒಳಗ ಹುಲ್ಲು ಹಾಸಿ, ಅದರ ಮ್ಯಾಲ ಜಮಖಾನಿ ಹಾಸಿದ್ರ ಮುಗೀತು, ಅದೇ ಮನಿ. ಮೂರು ರಾತ್ರಿ ಅಲ್ಲೇ ಅಡಗಿ, ಅಲ್ಲೇ ನಿದ್ದಿ. ನಮ್ಮ ಅಪ್ಪನ ಕಾಲಕ್ಕ ಚಕ್ಕಡಿ ಇತ್ತು, ಕೊಲ್ಲಾರಿ ಕಟ್ಟಿದ ಚಕ್ಕಡಿಯೊಳಗ ಕಂದೀಲು ತೂಗತಿತ್ತು. ಈಗ ಟ್ರ್ಯಾಕ್ಟರ್ ಬಂದೈತಿ, ಅದರ ಹಿಂದ ಜನರೇಟರ್ ಬಂದೈತಿ. ಬರಲಿ. ನಾನು ಜನರೇಟರ್ ಬ್ಯಾಡ ಅನ್ನೋ ಮನುಷ್ಯ ಅಲ್ಲ. ಆದರ ಎಂಥಾದ್ದು ತರಬೇಕು, ಹೆಂಗ ಒಯ್ಯಬೇಕು, ಎಲ್ಲಿ ಇಡಬೇಕು ಅನ್ನೋದರೊಳಗ ನಾವು ಮಾಡೂ ತಪ್ಪು ಜೀವಕ್ಕ ಬರೂವಂಥಾದ್ದು. ಅದನ್ನ ಇವತ್ತು ಬಿಡಿಸಿ ಬರೀತೇನಿ. ಸಿಟ್ಟು ಬಂದ್ರ ಬರಲಿ.

ಮೊದಲು ನನ್ನ ತಪ್ಪು ಹೇಳತೇನಿ. ಮಂದಿ ತಪ್ಪು ಹೇಳಾಕ ಎಲ್ಲರಿಗೂ ಬರತೈತಿ.

ಹೋದ ವರ್ಷ ನಾವು ಮೂರು ಮಂದಿ ಅಣ್ಣತಮ್ಮಂದಿರು ಸೇರಿ ಒಂದು 5 ಕೆವಿಎ ಪೆಟ್ರೋಲ್ ಜನರೇಟರ್ ತಗೊಂಡ್ವಿ. ಅಂಗಡಿಯವ ಕೇಳಿದ, "ಎಷ್ಟು ಮಂದಿ ಹೋಗತೀರಿ?" "ಹದಿನೆಂಟು" ಅಂದ್ವಿ. "ಹಂಗಾರ ಐದಕ್ಕ ಕಡಿಮಿ ಬ್ಯಾಡ್ರಿ, ನಾಳೆ ಹೊಲದಾಗ ಮೋಟರಿಗೂ ಬರತೈತಿ" ಅಂದ. ಹದಿನೆಂಟು ಮಂದಿಗೂ ಐದು ಕೆವಿಎಗೂ ಏನು ಸಂಬಂಧ ಅಂತ ನಮ್ಮೊಳಗ ಒಬ್ಬರೂ ಕೇಳಲಿಲ್ಲ. ಪಂಚಮಿ ಉಂಡಿಗೆ ಬೆಲ್ಲ ತೂಗಿದಂಗ ಮಂದಿ ತಲಿ ಎಣಿಸಿ ಕೆವಿಎ ತೂಗಿಸಿಕೊಂಡು ಬಂದ್ವಿ. ಭಾರ 85 ಕಿಲೋ ಚಿಲ್ಲರೆ. ಟ್ರೇಲರಿಗೆ ಏರಿಸಾಕ ನಾಲ್ಕು ಮಂದಿ ಬೇಕಾದ್ವಿ. ಗುಡ್ಡದಾಗ ಇಳಿಸೂ ಮುಂದ ಹಲಗಿ ಇಳಿಜಾರು ಹಚ್ಚಿ ಜಾರಿಸಿದ್ವಿ. ಅದು ಇಳಿದಲ್ಲೇ ಕುಂತಿತು. ಟ್ರೇಲರ್ ಮಗ್ಗಲಿಗೆ, ನಾಲ್ಕು ಫೂಟು ದೂರ.

ಮೊದಲನೇ ರಾತ್ರಿ ಏನೂ ಆಗಲಿಲ್ಲ. ಗಾಳಿ ಬಯಲಾಗಿತ್ತು. ಎರಡನೇ ದಿವಸ ಸಂಜಿಮುಂದ ಬ್ಯಾರೆ ಊರಿನ ಟ್ರ್ಯಾಕ್ಟರ್ ಬಂದು ನಮ್ಮ ಮಗ್ಗಲಿಗೆ ನಿಂತ್ವು. ಗಾಲಿಗೆ ಗಾಲಿ ತಾಗೂವಂಗ. ಅಲ್ಲಿ ಹುಣ್ಣಿಮೆ ದಿನ ಜಾಗ ಹೆಂಗಿರತೈತಿ ಅಂತ ನಿಮಗ ಗೊತ್ತೇ ಐತಿ, ಲಕ್ಷಗಟ್ಟಲೆ ಮಂದಿ. ಜನರೇಟರ್ ಎತ್ತಿ ಆಚೆ ಒಯ್ಯಬೇಕಂದ್ರ ನಾಲ್ಕು ಮಂದಿ ಬೇಕು, ಹುಡುಗರು ಜೋಗುಳಬಾವಿ ಕಡೆ ಹೋಗಿದ್ರು. ನಾನು, ನನ್ನ ತಮ್ಮ ಇಬ್ಬರೇ. ಎತ್ತಾಕ ಆಗಲಿಲ್ಲ. ದೂಡಿದ್ವಿ. ದೂಡಿ ನಮ್ಮ ಟ್ರೇಲರಿನ ಕೆಳಗೇ ಸರಿಸಿದ್ವಿ. ರಾತ್ರಿ ಥಂಡಿ ಇತ್ತು, ತಾಡಪತ್ರಿ ಎರಡೂ ಕಡೆ ನೆಲತನಕ ಇಳಿಸಿ ಕಲ್ಲು ಇಟ್ಟೆ. ಕಳ್ಳರ ಕಣ್ಣಿಗೂ ಬೀಳೂದಿಲ್ಲ, ಮಂಜೂ ತಾಗೂದಿಲ್ಲ ಅಂತ ಮನಸ್ಸಿನಾಗ ಶಾಣ್ಯಾತನ ಬ್ಯಾರೆ. ಅದನ್ನ ಅಲ್ಲಿ ಇಟ್ಟವ ನಾನೇ. ಸಣ್ಣ ಹುಡುಗ ಕತ್ತಲಿಗೆ ಅಳತಾನ, ಬಂದ್ ಮಾಡಬ್ಯಾಡ್ರಿ ಅಂದಾಗ, ಇರಲಿ ಅಂತ ಚಾಲೂ ಬಿಟ್ಟವನೂ ನಾನೇ.

ರಾತ್ರಿ ಒಂದೂವರೆ ಸುಮಾರಿಗೆ ನಮ್ಮ ವೈನಿ ಎದ್ದು ವಾಂತಿ ಮಾಡಿಕೊಂಡ್ರು. ತಲಿ ಸಿಡೀತೈತಿ ಅಂದ್ರು. ಹೋಳಿಗಿ ಜಾಸ್ತಿ ಆತು ಅಂದ್ವಿ. ಆಮ್ಯಾಲ ನನ್ನ ಹೆಂಡತಿಗೂ ತಲಿ ತಿರುಗಿತು. ದೃಷ್ಟಿ ಆಗೈತಿ ಅಂತ ಒಬ್ಬರು ಉಪ್ಪು ಮೆಣಸಿನಕಾಯಿ ಇಳಿ ತಗದ್ರು. ಅಷ್ಟೊತ್ತಿಗೆ ವೈನಿ ಮೊಮ್ಮಗನ್ನ ಎಬ್ಬಿಸಿದ್ರು. ನಾಲ್ಕು ವರ್ಷದ ಹುಡುಗ. ಏಳಲಿಲ್ಲ. ಹೆಗಲ ಮ್ಯಾಲ ಹಾಕಿಕೊಂಡ್ರ ಹಸಿ ಬಟ್ಟಿಯಂಗ ಜೋತು ಬಿದ್ದ. ಅಣ್ಣನ ಮಗ ಅವನನ್ನ ಎತ್ತಿಕೊಂಡು ಜಾತ್ರಿಯೊಳಗಿನ ದವಾಖಾನಿ ಟೆಂಟಿಗೆ ಓಡಿದ. ಡಾಕ್ಟರು ಹುಡುಗನ ಮುಖಕ್ಕ ಆಕ್ಸಿಜನ್ ಹಚ್ಚಿ, ನಮ್ಮ ಕಡೆ ತಿರುಗಿ ಒಂದೇ ಮಾತು ಕೇಳಿದ್ರು: "ಜನರೇಟರ್ ಎಲ್ಲಿ ಇಟ್ಟೀರಿ?"

ಹುಡುಗ ಬೆಳಗಾಗೂದ್ರೊಳಗ ಕಣ್ಣು ತೆರೆದ. ನೀರು ಕೇಳಿದ. ಇವತ್ತು ಸಾಲಿಗೆ ಹೋಗತಾನ. ಇನ್ನೊಂದು ತಾಸು ತಡ ಆಗಿದ್ರ ಏನಾಗತಿತ್ತು ಅಂತ ನಾನು ಬರೆಯೂದಿಲ್ಲ. ಬರಿಯಾಕ ಕೈ ಏಳೂದಿಲ್ಲ.

ಈಗ ವಿಷಯಕ್ಕ ಬರತೇನಿ. ಆ ಹೊಗಿಯೊಳಗ ಕಾರ್ಬನ್ ಮೊನಾಕ್ಸೈಡ್ ಅನ್ನೋ ಗಾಳಿ ಇರತೈತಿ. ಅದಕ್ಕ ಬಣ್ಣ ಇಲ್ಲ, ವಾಸನಿ ಇಲ್ಲ, ಕಣ್ಣು ಉರಿಸೂದಿಲ್ಲ. ನಮ್ಮ ರಕ್ತದೊಳಗ ಆಕ್ಸಿಜನ್ ಹೊರೂ ಹಿಮೋಗ್ಲೋಬಿನ್ ಇರತೈತಲ್ಲ, ಅದಕ್ಕ ಈ ಗಾಳಿ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟತೈತಿ. ಬಸ್ಸಿನ ಸೀಟಿಗೆ ಮೊದಲೇ ಟವೆಲ್ ಹಾಕಿದಂಗ ಅನ್ನಿರಿ. ಆಕ್ಸಿಜನ್ ಬಂದು ನೋಡಿದ್ರ ಜಾಗ ಇಲ್ಲ. ಮೊದಲು ತಲಿನೋವು, ಆಮ್ಯಾಲ ತಲಿ ತಿರುಗೂದು, ವಾಂತಿ, ಆಮ್ಯಾಲ ನಿದ್ದಿ. ಎದ್ದಿದ್ದವಗ ತಲಿನೋವು ಗೊತ್ತಾಗತೈತಿ. ಮಲಗಿದವಗ, ಕುಡಿದು ಮಲಗಿದವಗ ಅದೂ ಗೊತ್ತಾಗೂದಿಲ್ಲ, ನಿದ್ದಿಯೊಳಗಿಂದ ನಿದ್ದಿಗೆ ಹೋಗತಾನ. ಒಂದು ಸಣ್ಣ ಜನರೇಟರ್ ಉಗುಳೂ ಈ ಗಾಳಿ ನೂರಾರು ಕಾರು ಉಗುಳೂದಕ್ಕ ಸಮ. ಕಾರಿನ ಸೈಲೆನ್ಸರಿನೊಳಗ ಹೊಗಿ ಶುದ್ಧ ಮಾಡೂ ವ್ಯವಸ್ಥೆ ಐತಿ, ನಾವು ತರೂ ಈ ಜನರೇಟರಿಗೆ ಅದು ಇರೂದಿಲ್ಲ. "ಹೊಗಿ ಕಾಣಸಲೇ ಇಲ್ಲ" ಅಂತ ನಾನೂ ಅಂದೆ. ಕಾಣಸೂದು ಹೊಗಿ. ಕೊಲ್ಲೂದು ಕಾಣಸೂದಿಲ್ಲ.

ಅದೂ ಅಲ್ಲದ ಸೈಲೆನ್ಸರಿನಿಂದ ಬಿಸಿ ಬಿಸಿ ಹೊರಬೀಳತೈತಿ, ಬಿಸಿ ಗಾಳಿ ಮ್ಯಾಲ ಏರತೈತಿ. ಟ್ರೇಲರಿನ ತಳದೊಳಗ ಸಂದು ಇಲ್ಲದ ಟ್ರೇಲರ್ ಯಾವುದೈತಿ ತೋರಿಸ್ರಿ. ಹಿಂದಿನ ಬಾಗಿಲದ ಸಂದಿಗೆ ಕೈ ಹಿಡೀತೈತಿ. ಮ್ಯಾಲ ತಾಡಪತ್ರಿ ಬಿಗಿಯಾಗಿ ಕಟ್ಟಿರತೀವಿ. ಅಂದ್ರ ನಾವು ಒಲಿ ಮ್ಯಾಲ ಮುಚ್ಚಳ ಹಾಕಿದ ಪಾತ್ರಿಯೊಳಗ ಮಲಗಿದಂಗ ಆತು.

ಇಷ್ಟು ಹೇಳಿದ್ರ ಕೆಲವರು, "ಹಂಗಾರ ದೂರ ಇಟ್ರ ಆತಲ್ಲ, ಅದಕ್ಕ ದೊಡ್ಡದು ಬ್ಯಾಡ ಅನ್ನೋದು ಯಾಕ?" ಅಂತಾರ. ಅಲ್ಲೇ ಇರೂದು ಗುಟ್ಟು. ಮನುಷ್ಯ ತನ್ನ ಕೈಲೆ ಎತ್ತಾಕ ಆಗದ್ದನ್ನ ದೂರ ಇಡೂದಿಲ್ಲ. ಇಳಿದಲ್ಲೇ ಬಿಡತಾನ. ನಾನು ಕೆಟ್ಟವ ಅಂತ ಅದನ್ನ ಟ್ರೇಲರ್ ಕೆಳಗ ಇಡಲಿಲ್ಲ, ಅದು 85 ಕಿಲೋ ಇತ್ತು ಅಂತ ಇಟ್ಟೆ. 20 ಕಿಲೋ ಇದ್ದಿದ್ರ ಒಂದ ಕೈಲೆ ಹಿಡಕೊಂಡು ಹೋಗಿ ಬದುವಿನ ಆಚೆ ಇಟ್ಟು ಬರತಿದ್ದೆ. ಅದಕ್ಕ ಹೇಳತೇನಿ, ಜಾತ್ರಿಗೆ ಒಯ್ಯೂ ಜನರೇಟರಿಗೆ ಮೊದಲನೇ ಲೆಕ್ಕ ಕೆವಿಎ ಅಲ್ಲ, ಕಿಲೋ. ಇಬ್ಬರು ನಿರಾಯಾಸ ಎತ್ತಿ ಇಪ್ಪತ್ತು ಹೆಜ್ಜಿ ನಡಿಯಾಕ ಆಗಬೇಕು. ಆಗದಿದ್ರ ಅದು ಗುಡ್ಡದ ಜನರೇಟರ್ ಅಲ್ಲ.

ಈಗ ಕೆವಿಎ ಲೆಕ್ಕ ಮಾಡೂಣು. ಟ್ರೇಲರಿಗೆ ಏನು ಬೇಕು? ಎಲ್‌ಇಡಿ ಬಲ್ಬು 9 ವ್ಯಾಟಿನವು ಆರು, ಅಂದ್ರ 54 ವ್ಯಾಟು. ಅಡಗಿ ಮಾಡೂ ಜಾಗಕ್ಕ ಒಂದು 50 ವ್ಯಾಟಿನ ಎಲ್‌ಇಡಿ ಫ್ಲಡ್. ಹತ್ತು ಮೊಬೈಲು ಒಮ್ಮೆಲೆ ಹಚ್ಚಿದ್ರೂ ನೂರು, ನೂರೈವತ್ತು ವ್ಯಾಟು. ಎರಡು ಟೇಬಲ್ ಫ್ಯಾನ್ ಇದ್ರ ಇನ್ನೊಂದು ನೂರು. ಎಲ್ಲಾ ಕೂಡಿ 350 ವ್ಯಾಟು. ಒಂದು ಕೆವಿಎ ಜನರೇಟರ್ ನಿರಂತರ 700, 800 ವ್ಯಾಟು ಕೊಡತೈತಿ. ಅರ್ಧಕ್ಕ ಅರ್ಧ ಉಳೀತು. ನಾವು ಐದು ಕೆವಿಎ ಒಯ್ದಿದ್ವಿ. ಒಂದು ಚೀಲ ಗೊಬ್ಬರ ತರಾಕ ಲಾರಿ ಬಾಡಿಗಿ ಹಿಡದಂಗ.

ಹಿಂದ 500 ವ್ಯಾಟಿನ ಹ್ಯಾಲೋಜನ್ ಹಚ್ಚತಿದ್ವಿ, ಎರಡು ಹಚ್ಚಿದ್ರ ಒಂದು ಸಾವಿರ ವ್ಯಾಟು. ಆ ಕಾಲದ ಲೆಕ್ಕ ಇನ್ನೂ ನಮ್ಮ ತಲಿಯೊಳಗ ಐತಿ. ಬಲ್ಬು ಬದಲಾಗ್ಯಾವ, ಲೆಕ್ಕ ಬದಲಾಗಿಲ್ಲ. "ಮಿಕ್ಸರ್?" ಅಂತ ಹೆಣ್ಣುಮಕ್ಕಳು ಕೇಳತಾರ. 750 ವ್ಯಾಟಿನ ಮಿಕ್ಸರ್ ಒಂದು ಕೆವಿಎ ಮ್ಯಾಲ ಹಾಕಿದ್ರ ಅದು ಉಸಿರುಕಟ್ಟತೈತಿ, ಖರೆ. ಆದರ ಮೂರು ದಿನದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮನಿಯಿಂದಲೇ ಬರತಾವಲ್ಲ. ಒಂದು ಖಾರ ರುಬ್ಬೂ ಸಲುವಾಗಿ 60 ಕಿಲೋ ಹೆಚ್ಚು ಕಬ್ಬಿಣ ಹೊರಬೇಕ?

ಇನ್ನ "ಹೊಲಕ್ಕೂ ಬರತೈತಿ" ಅನ್ನೋ ಮಾತು. ಇದು ಸುಳ್ಳುಗಳೊಳಗ ದೊಡ್ಡ ಸುಳ್ಳು. ನಮ್ಮ ಬೋರಿನ ಮೋಟರ್ 5 ಎಚ್‌ಪಿ, ಮೂರು ಫೇಸ್. ಜಾತ್ರಿಗೆ ಒಯ್ಯೂ ಜನರೇಟರ್ ಒಂದೇ ಫೇಸ್. ಅದು ಹತ್ತೂದೇ ಇಲ್ಲ. ಮೂರು ಫೇಸಿನ ಜನರೇಟರ್ ತಂದ್ರೂ ಲೆಕ್ಕ ನೋಡ್ರಿ. ಒಂದು ಎಚ್‌ಪಿ ಅಂದ್ರ 746 ವ್ಯಾಟು, ಐದು ಎಚ್‌ಪಿಗೆ 3,730 ವ್ಯಾಟು. ಮೋಟರ್ ತಾನು ತಿನ್ನೂ ನಷ್ಟ ಸೇರಿ ನಾಲ್ಕೂವರೆ ಸಾವಿರ ದಾಟತೈತಿ. ಅದು ಓಡೂ ಮುಂದಿನ ಮಾತು. ಚಾಲೂ ಆಗೂ ಆ ಒಂದೆರಡು ಸೆಕೆಂಡಿನೊಳಗ ಮೋಟರ್ ಐದಾರು ಪಟ್ಟು ಕರೆಂಟು ಎಳೀತೈತಿ. ಎತ್ತು ಕೆಸರಿನ್ಯಾಗ ಹುಗಿದ ಚಕ್ಕಡಿ ಮೊದಲು ಕೀಳೂ ಮುಂದ ಹೆಂಗ ತಿಣಕತೈತಿ, ಹಂಗ. ಅದಕ್ಕ 5 ಎಚ್‌ಪಿ ಮೋಟರಿಗೆ 12, 15 ಕೆವಿಎ ಮೂರು ಫೇಸ್ ಜನರೇಟರ್ ಬೇಕು. ಅದನ್ನ ಯಾರೂ ಜಾತ್ರಿಗೆ ಒಯ್ಯೂದಿಲ್ಲ. ಅಂದ್ರ ನಮ್ಮ 5 ಕೆವಿಎ ಹೊಲಕ್ಕ ಸಣ್ಣದಾತು, ಗುಡ್ಡಕ್ಕ ದೊಡ್ಡದಾತು. ಎರಡು ಕೆಲಸಕ್ಕ ಒಂದು ಮಿಷನ್ ಅಂತ ತಂದದ್ದು ಎರಡಕ್ಕೂ ಒಗ್ಗಲಿಲ್ಲ. ಅಂಗಡಿಯವ ಒಬ್ಬನನ್ನೇ ಬೈಯೂದು ಬ್ಯಾಡ. ದೊಡ್ಡದು ತಂದ್ರ ಓಣಿಯೊಳಗ ನಾಲ್ಕು ಮಂದಿ ನೋಡತಾರ ಅನ್ನೋ ಆಸೆ ನಮಗೂ ಇತ್ತು.

ಪೆಟ್ರೋಲಿನ ಲೆಕ್ಕಾನೂ ಹೇಳಿಬಿಡತೇನಿ. ಸಾದಾ ಜನರೇಟರ್ 50 ಹರ್ಟ್ಸ್ ಕರೆಂಟು ಕೊಡಬೇಕಂದ್ರ ನಿಮಿಷಕ್ಕ 3,000 ಸುತ್ತು ತಿರುಗಲೇಬೇಕು. ಒಂದು ಬಲ್ಬು ಹಚ್ಚಿದ್ರೂ ಅಷ್ಟೇ, ಇಪ್ಪತ್ತು ಹಚ್ಚಿದ್ರೂ ಅಷ್ಟೇ. ಮೊದಲನೇ ರಾತ್ರಿ ಆರು ತಾಸು ಓಡಿಸಿದ್ವಿ, ಏಳೂವರೆ ಲೀಟರ್ ಕುಡೀತು. ತಾಸಿಗೆ ಒಂದೂಕಾಲು ಲೀಟರ್, ಬರೀ 350 ವ್ಯಾಟು ಸುಡಾಕ. ಒಂದು ಕೆವಿಎದು ಇಷ್ಟೇ ಕೆಲಸಕ್ಕ ತಾಸಿಗೆ ಅರ್ಧ ಲೀಟರಿನ ಸುತ್ತಮುತ್ತ ಕುಡೀತೈತಿ. ಈಗ ಇನ್ವರ್ಟರ್ ಮಾದರಿ ಜನರೇಟರ್ ಬಂದಾವ. ಅವು ಬೇಡಿಕಿ ಕಡಿಮಿ ಇದ್ರ ತಾವೇ ವೇಗ ಇಳಿಸಿಕೊಳ್ಳತಾವ, ಸಪ್ಪಳ ಕಡಿಮಿ, ಕರೆಂಟು ಏರಿಳಿತ ಇಲ್ಲ, ಮೊಬೈಲ್ ಚಾರ್ಜರ್ ಸುಡೂದಿಲ್ಲ. ಒಂದು ಕೆವಿಎ ಸುತ್ತಿನವು 13, 15 ಕಿಲೋಕ್ಕೂ ಸಿಗತಾವ, ಎರಡು ಕೆವಿಎದು 21, 22 ಕಿಲೋ. ರೊಕ್ಕ ಜಾಸ್ತಿ, ಒಪ್ಪತೇನಿ. ನಾಲ್ಕು ಟ್ರೇಲರ್ ಸೇರಿ ಒಂದು ತಗೋರಿ. ಗುಡ್ಡದಾಗ ಅಡಗಿ ಕೂಡಿ ಮಾಡತೀವಿ, ಪಡ್ಡಲಗಿ ಕೂಡಿ ತುಂಬಿಸತೀವಿ, ಜನರೇಟರ್ ಮಾತ್ರ ಮನಿಗೊಂದು ಯಾಕ?

ತಗೊಳ್ಳೂ ಮುಂದ ಚೀಟಿ ಓದ್ರಿ. ಅದರ ಮ್ಯಾಲ ಎರಡು ಅಂಕಿ ಇರತಾವ, ಒಂದು ಮ್ಯಾಕ್ಸಿಮಮ್, ಇನ್ನೊಂದು ರೇಟೆಡ್. ಮ್ಯಾಕ್ಸಿಮಮ್ ಅಂದ್ರ ಸ್ವಲ್ಪ ಹೊತ್ತು ತಡಕೊಳ್ಳೂದು, ರೇಟೆಡ್ ಅಂದ್ರ ರಾತ್ರಿಯೆಲ್ಲಾ ಎಳಿಯೂದು. ದೊಡ್ಡ ಅಕ್ಷರದೊಳಗ ಬರದದ್ದು ಮ್ಯಾಕ್ಸಿಮಮ್ ಇರತೈತಿ. ಮತ್ತ ಕೆವಿಎ ಅಂದ್ರ ಕಿಲೋವ್ಯಾಟ್ ಅಲ್ಲ, ಬಹಳ ಮಾಡಿ 0.8 ರಿಂದ ಗುಣಿಸಬೇಕು. ಎಣ್ಣಿ ಕಡಿಮಿ ಆದ್ರ ತಾನೇ ಬಂದ್ ಆಗೂದು ಐತೇನು ಅಂತ ಕೇಳ್ರಿ. ಕೊನೀಗೆ ಅಂಗಡಿಯೊಳಗೇ ಅದನ್ನ ಎತ್ತಿ ಇಪ್ಪತ್ತು ಹೆಜ್ಜಿ ನಡೀರಿ. ನಕ್ರ ನಗಲಿ.

ಇನ್ನೊಂದು ಮಾತು. ದೀಪಕ್ಕ ಮಾತ್ರ ಆದ್ರ ಜನರೇಟರೇ ಬ್ಯಾಡ. ನಮ್ಮ ಪ್ರತಿಯೊಬ್ಬರ ಮನಿಯೊಳಗ ಬ್ಯಾಟರಿ ಸ್ಪ್ರೇ ಪಂಪ್ ಐತಿ. ಅದರೊಳಗಿನ ಬ್ಯಾಟರಿ 12 ವೋಲ್ಟ್, 8 ಆಂಪಿಯರ್ ಅವರ್. ಗುಣಿಸಿದ್ರ 96. ಪೂರಾ ಹಿಂಡದಂಗ 60 ಅಂತ ಹಿಡೀರಿ. 12 ವೋಲ್ಟಿನ 5 ವ್ಯಾಟ್ ಎಲ್‌ಇಡಿ ಬಲ್ಬು ಹನ್ನೆರಡು ತಾಸು ಉರೀತೈತಿ. ರಾತ್ರಿಯೆಲ್ಲಾ ಹುಡುಗರಿಗೆ ಬೆಳಕು ಆತಲ್ಲ. ಬ್ಯಾಟರಿ ಬಿಚ್ಚಿಕೊಂಡು ಹೋಗ್ರಿ, ಟಾಕಿ ಮಾತ್ರ ಬಿಟ್ಟು ಹೋಗ್ರಿ, ಅದರೊಳಗ ಔಷಧದ ಅಂಶ ಇರತೈತಿ. ಮನಿ ಇನ್ವರ್ಟರಿನ 150 ಆಂಪಿಯರ್ ಅವರ್ ಬ್ಯಾಟರಿ ಇದ್ರ ಅರ್ಧ ಬಳಸಿದ್ರೂ 900 ವ್ಯಾಟ್ ಅವರ್ ಸಿಗತೈತಿ. ಆರು ಬಲ್ಬು ಆರು ತಾಸು, ಮ್ಯಾಲ ಹತ್ತು ಮೊಬೈಲು, ಒಂದು ರಾತ್ರಿಗೆ 450, 475 ಆಗತೈತಿ. ಹೆಚ್ಚುಕಡಿಮಿ ಎರಡು ರಾತ್ರಿ ಹೋತು. ಟಾಪಿನ ಮ್ಯಾಲ 100 ವ್ಯಾಟಿನ ಸೋಲಾರ್ ಪ್ಲೇಟ್ ಒಂದು ಕಟ್ಟಿದ್ರ ಫೆಬ್ರವರಿ ಬಿಸಿಲಿಗೆ ದಿನಕ್ಕ 400 ಸುತ್ತ ವಾಪಸ್ ತುಂಬತೈತಿ. ಮೂರನೇ ರಾತ್ರಿನೂ ದಾಟಿತು. ಸಪ್ಪಳ ಇಲ್ಲ, ಹೊಗಿ ಇಲ್ಲ, ಪೆಟ್ರೋಲ್ ಕ್ಯಾನ್ ಇಲ್ಲ. ಟ್ರ್ಯಾಕ್ಟರಿನ ಬ್ಯಾಟರಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ, ಬರೂ ಮುಂದ ಸೆಲ್ಫ್ ಹೊಡಿಯೂದಿಲ್ಲ. ಚಾರ್ಜ್ ಆಗಲಿ ಅಂತ ರಾತ್ರಿ ಟ್ರ್ಯಾಕ್ಟರ್ ಚಾಲೂ ಇಟ್ಟು ಮಲಗೂದೂ ಬ್ಯಾಡ. ಅದರ ಹೊಗಿಯೂ ಹೊಗಿಯೇ.

"ಎಲ್ಲಾರೂ ಹಂಗೇ ಇಡತಾರ, ಇಷ್ಟು ವರ್ಷ ಏನೂ ಆಗಿಲ್ಲ" ಅನ್ನೋರಿಗೆ ಒಂದು ಕೇಳತೇನಿ. ಜಾತ್ರಿಯಿಂದ ಬಂದು "ತಲಿ ಹಿಡಕೊಂಡಿತ್ತು, ವಾಂತಿ ಆತು, ನೀರು ಒಗ್ಗಲಿಲ್ಲ" ಅಂತ ಎಷ್ಟು ಮಂದಿ ಹೇಳ್ಯಾರ? ಅವೆಲ್ಲಾ ನೀರಿನಿಂದಲೇ ಆದ್ವು ಅಂತ ಯಾರು ನೋಡ್ಯಾರ? ನಮ್ಮ ಮನಿಯೊಳಗೂ ಹೋಳಿಗಿ ಅಂದ್ವಿ, ದೃಷ್ಟಿ ಅಂದ್ವಿ. ಆ ಡಾಕ್ಟರು ಕೇಳದಿದ್ರ ಈ ವರ್ಷಾನೂ ಅದನ್ನ ಅಲ್ಲೇ ಇಡತಿದ್ದೆ.

"ದೂರ ಇಟ್ರ ಕಳುವಾಗತೈತಿ" ಅನ್ನೋದು ಖರೆ. ಅದಕ್ಕೂ ಭಾರ ಕಡಿಮಿ ಇರೂದೇ ಉಪಾಯ. ಚಾಲೂ ಇರೂ ತನಕ ಸರಪಳಿ ಹಾಕಿ ಗೂಟಕ್ಕ ಕೀಲಿ ಹಾಕ್ರಿ, ಒಬ್ಬ ಹುಡುಗ ಅಲ್ಲಿ ಕೂಡಲಿ. ಹತ್ತು ಗಂಟಿಗೆ ಬಂದ್ ಮಾಡ್ರಿ, ಆರಿದ ಮ್ಯಾಲ ಎತ್ತಿಕೊಂಡು ಬಂದು ಮಗ್ಗಲಿಗೆ ಇಟ್ಟುಕೊಳ್ರಿ. ಬಂದ್ ಆದ ಜನರೇಟರ್ ಯಾರನ್ನೂ ಕೊಲ್ಲೂದಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗಿ ಆರರತನಕ ಮೈಕು ಹಚ್ಚಬಾರದು ಅಂತ 2000ನೇ ಇಸವಿಯ ಶಬ್ದ ನಿಯಮದೊಳಗೇ ಐತಿ. ಹಂಗಾರ ಹತ್ತರ ಮ್ಯಾಲ ಜನರೇಟರಿಗೆ ಏನು ಕೆಲಸ? ಡಿಜೆಕ್ಕ ಕರೆಂಟು ಬೇಕು ಅನ್ನೂ ಹುಡುಗರಿಗೆ ಇಷ್ಟೇ ಹೇಳತೇನಿ, ಉಧೋ ಉಧೋ ಅನ್ನಾಕ ಕರೆಂಟು ಬ್ಯಾಡಪಾ. ಚೌಡಿಕಿಗೆ ಎಂದೂ ಪ್ಲಗ್ಗು ಇರಲಿಲ್ಲ.

ದೂರ ಅಂದ್ರ ಎಷ್ಟು? ಕಡಿಮಿ ಅಂದ್ರ 20 ಫೂಟು, ಗಾಳಿ ಬೀಸೂ ದಿಕ್ಕು ನೋಡಿ ಕೆಳಗಾಳಿಗೆ, ಸೈಲೆನ್ಸರ್ ಮಂದಿ ಮಲಗಿದ ಕಡೆಗಲ್ಲ. ಆದರ ಹುಣ್ಣಿಮೆ ರಾತ್ರಿ ನಮ್ಮಿಂದ 20 ಫೂಟು ಅಂದ್ರ ಇನ್ನೊಬ್ಬರ ಟ್ರೇಲರ್ ಇರತೈತಿ, ಅದರೊಳಗೂ ಮಕ್ಕಳು ಮಲಗಿರತಾವ. ನಮ್ಮ ಮಕ್ಕಳನ್ನ ಉಳಿಸಿ ಅವರ ಮಕ್ಕಳಿಗೆ ಹೊಗಿ ಬಿಡೂದು ಯಾವ ಹರಕಿ? ಅದಕ್ಕ ಟ್ರೇಲರ್ ಒತ್ತಾಗಿ ನಿಂತಲ್ಲಿ ಮಂದಿ ಮಲಗಿದ ಮ್ಯಾಲ ಜನರೇಟರ್ ಬಂದ್. ಬ್ಯಾಟರಿ ಮಾತ್ರ. ಇದಕ್ಕ ರಿಯಾಯತಿ ಇಲ್ಲ.

ಇನ್ನ ಒಯ್ಯೂ ಮಾತು. ಇದರೊಳಗೂ ನಾವು ಬಹಳ ಹುಂಬರು. ಜನರೇಟರ್ ಒಂದು ಮೂಲಿಗೆ, ಪೆಟ್ರೋಲ್ ಕೂಲ್‌ಡ್ರಿಂಕ್ ಬಾಟ್ಲಿಯೊಳಗ ಇನ್ನೊಂದು ಮೂಲಿಗೆ, ನಡುವ ಮಂದಿ, ಮಂದಿ ನಡುವ ಗ್ಯಾಸ್ ಸಿಲಿಂಡರ್, ಒಬ್ಬ ಮುದುಕ ಬೀಡಿ ಸೇದತಿರತಾನ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಹಾರಿ ಹೋಗೂದಿಲ್ಲ, ಟ್ರೇಲರಿನ ತಳಕ್ಕ ನೀರಿನಂಗ ಹರಡಿಕೊಂಡು ಕುಂದರತೈತಿ. ಅದಕ್ಕ ಒಂದು ಕಿಡಿ ಸಾಕು.

ಈಗ ನಾನು ಮಾಡಿಕೊಂಡದ್ದು ಹೇಳತೇನಿ. ಮುಚ್ಚಳ ಬಿಗಿ ಇರೂ ಲೋಹದ ಕ್ಯಾನು, ಐದು ಲೀಟರಿಂದು. ಅದಕ್ಕಿಂತ ಹೆಚ್ಚು ಒಯ್ಯೂದಿಲ್ಲ, ಬೇಕಾದ್ರ ಸವದತ್ತಿಯೊಳಗ ಹಾಕಿಸಿಕೊಂಡ್ರಾತು. ಹೊರಡೂ ಮೊದಲು ಜನರೇಟರಿನ ಟಾಕಿ ಖಾಲಿ ಮಾಡಿ, ಪೆಟ್ರೋಲ್ ಕಾಕು ಬಂದ್ ಮಾಡಿ, ಕಾರ್ಬುರೇಟರಿನೊಳಗಿನದು ತೀರೂತನಕ ಓಡಿಸಿ ನಿಲ್ಲಿಸತೇನಿ. ಕಾಕು ಬಿಟ್ಟು ಒಯ್ದ್ರ ದಾರಿಯ ಕುಲುಕಾಟಕ್ಕ ಪೆಟ್ರೋಲ್ ಸೋರಿ ಎಂಜಿನ್ ಎಣ್ಣಿಯೊಳಗ ಇಳೀತೈತಿ. ಅಡ್ಡ ಮಲಗಿಸಿ ಒಯ್ಯಬಾರದು, ಎಣ್ಣಿ ಸಿಲಿಂಡರಿನೊಳಗ, ಏರ್ ಫಿಲ್ಟರಿನೊಳಗ ಹೋಗಿ ಅಲ್ಲಿ ಹೋದ ಮ್ಯಾಲ ಹಗ್ಗ ಎಳದು ಎಳದು ತೋಳು ಬಿದ್ದು ಹೋಗತೈತಿ. ಒಂದು ಹಳೇ ಟೈರು ಮಲಗಿಸಿ ಅದರ ಮ್ಯಾಲ ನಿಲ್ಲಿಸಿ, ನಾಲ್ಕೂ ಕಡೆ ಚೌಕಟ್ಟಿಗೆ ಹಗ್ಗ ಹಾಕಿ ಬಿಗೀತೇನಿ. ಟಾಕಿ ಮ್ಯಾಲ ಹಗ್ಗ ಹಾಯಿಸೂದಿಲ್ಲ. ನಮ್ಮ ಟ್ರೇಲರಿಗೆ ಸ್ಪ್ರಿಂಗ್ ಅನ್ನೋದು ಹೆಸರಿಗಷ್ಟೇ, ಟೈರು ಆ ಪೆಟ್ಟು ನುಂಗತೈತಿ. ಎರಡು ಗಾಲಿ ಟ್ರೇಲರಾದ್ರ ಭಾರದ ಸಾಮಾನು ಅಚ್ಚಿಗಿಂತ ಸ್ವಲ್ಪ ಮುಂದ ಇರಲಿ. ಎಲ್ಲಾ ಹಿಂದ ಹೇರಿದ್ರ ಮೂಕಿ ಮ್ಯಾಲ ಏಳತೈತಿ, ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಿಡಿತ ಬಿಡತೈತಿ. ಚಕ್ಕಡಿ ಹೂಡಿದವರಿಗೆ ಇದನ್ನ ಹೇಳಬೇಕಾಗಿಲ್ಲ.

ಚಾಲೂ ಇದ್ದಾಗ ಪೆಟ್ರೋಲ್ ಹಾಕಬ್ಯಾಡ್ರಿ. ಬಂದ್ ಮಾಡಿ ಹದಿನೈದು ನಿಮಿಷ ಆರಾಕ ಬಿಡ್ರಿ, ಆಮ್ಯಾಲ ಹಾಕ್ರಿ. ವಾಯರು ಮೂರು ಎಳಿದು, 2.5 ಚದರ ಮಿಮೀ, ನಡುವ ಗಂಟು ಇರಬಾರದು. ಸುರುಳಿ ಪೂರಾ ಬಿಚ್ಚಿರಿ, ಸುತ್ತಿಟ್ಟ ವಾಯರು ಕಾದು ಕರಗತೈತಿ. ಮಂದಿ ಸ್ನಾನ ಮಾಡಿ ಹಸಿ ಕಾಲಿಲೆ ಓಡಾಡೂ ಜಾಗದಾಗ ವಾಯರು ನೆಲಕ್ಕ ಬಿಡೂದು ಬ್ಯಾಡ, ಬಿದಿರಿಗೆ ಕಟ್ರಿ. ಜಾತ್ರಿ ಮುಗಿಸಿ ಬಂದ ಮ್ಯಾಲ ಪೆಟ್ರೋಲ್ ಪೂರಾ ಬಸಿದು ಇಡ್ರಿ. ಈಗಿನ ಪೆಟ್ರೋಲಿನೊಳಗ ಶೇಕಡಾ 20 ರವರೆಗೆ ಎಥೆನಾಲ್ ಇರತೈತಿ, ಅದು ಗಾಳಿಯೊಳಗಿನ ನೀರು ಎಳಕೊಳ್ಳತೈತಿ. ಒಂದು ವರ್ಷ ಬಿಟ್ರ ಕಾರ್ಬುರೇಟರ್ ಕಟ್ಟಿ ಹೋಗತೈತಿ. ಹೊಸದಾದ್ರ ಮೊದಲ 20 ತಾಸಿಗೆ ಎಣ್ಣಿ ಬದಲಿಸ್ರಿ, ಆಮ್ಯಾಲ ಸುಮಾರು 100 ತಾಸಿಗೊಮ್ಮೆ.

ಮತ್ತ ಮನಿಗೆ ಬಂದ ಮ್ಯಾಲ ಕರೆಂಟು ಹೋದಾಗ ಎರಡೂ ತುದಿಗೆ ಪಿನ್ನು ಹಚ್ಚಿದ ವಾಯರಿನಿಂದ ಜನರೇಟರ್ ಕರೆಂಟನ್ನ ಮನಿ ಸಾಕೆಟ್ಟಿಗೆ ತುರುಕೂದು ಐತಲ್ಲ, ಅದನ್ನ ಈಗಲೇ ಬಿಡ್ರಿ. ಆ ಕರೆಂಟು ಮೀಟರ್ ದಾಟಿ ಹೊರಗಿನ ತಂತಿಗೆ ಹೋಗತೈತಿ, ಟಿಸಿಯೊಳಗ ಉಲ್ಟಾ ಏರಿ 11 ಸಾವಿರ ವೋಲ್ಟಿನ ಲೈನಿಗೂ ಮುಟ್ಟಬಹುದು. ಲೈನ್ ಬಂದ್ ಐತಿ ಅಂತ ನಂಬಿ ಕಂಬ ಏರಿದ ಹೆಸ್ಕಾಂ ಲೈನ್‌ಮನ್ ನಮ್ಮ ನಿಮ್ಮಂಥಾವರ ಮಗನೇ.

ಕೊನೇದು. ಇದು ಬಹಳ ಮಂದಿಗೆ ಹಿಡಿಸೂದಿಲ್ಲ. ಕಾಯ್ದೆ ಪ್ರಕಾರ ಟ್ರೇಲರಿನೊಳಗ ಮಂದಿ ಕೂರಿಸೂದೇ ತಪ್ಪು. ಅದು ಸಾಮಾನು ಹೇರೂ ಗಾಡಿ. ಏನಾದ್ರೂ ಆದ್ರ ಅದರೊಳಗ ಕುಂತವರಿಗೆ ವಿಮಾ ಅನ್ವಯಿಸೂದಿಲ್ಲ. ನಾನೂ ವರ್ಷಾನುಗಟ್ಟಲೆ ಕೂರಿಸಿಕೊಂಡು ಹೋದವನೇ, ಅದಕ್ಕ ಉಪದೇಶ ಮಾಡಾಕ ನಾಚಿಕಿ ಆಗತೈತಿ. ಆದರ 2023ರ ಜೂನ್ 11 ರಿಂದ ಶಕ್ತಿ ಯೋಜನಿಯೊಳಗ ಹೆಣ್ಣುಮಕ್ಕಳಿಗೆ ಸಾದಾ ಬಸ್ಸು ಪುಕ್ಕಟೆ ಐತಿ. ಅವ್ವಂದಿರು, ವೈನಿಗಳು, ಸಣ್ಣ ಹುಡುಗರು ಬಸ್ಸಿನೊಳಗ ಬರಲಿ. ಟ್ರೇಲರ್ ಸಾಮಾನು, ಪಾತ್ರಿ, ಕಟಿಗಿ ಹೇರಿಕೊಂಡು ಬರಲಿ. ಹಂಗ ಮಾಡಿದ್ರ ಪೆಟ್ರೋಲ್ ಕ್ಯಾನಿನ ಮಗ್ಗಲಿಗೆ ಮಗು ಕೂಡೂ ಪ್ರಶ್ನೆಯೇ ಇಲ್ಲ. ಬಸ್ಸು ತುಂಬಿ ತುಳುಕತಾವ, ಗೊತ್ತೈತಿ. ನಿಂತು ಬಂದ್ರೂ ಎರಡು ತಾಸಿನ ಮಾತು.

ನಮ್ಮ ಊರಿನಿಂದ ಈ ಸಲ ಹನ್ನೊಂದು ಟ್ರ್ಯಾಕ್ಟರ್ ಹೊರಡತಾವ. ನಾನು ನಮ್ಮ 5 ಕೆವಿಎ ಮಾರಿದೆ, ಒಂದು ಶಾಮಿಯಾನದವರಿಗೆ, ರೊಕ್ಕ ಕಳಕೊಂಡೇ ಮಾರಿದೆ. ನಮ್ಮ ನಾಲ್ಕು ಮನಿ ಸೇರಿ ಒಂದು ಸಣ್ಣದು ಬಾಡಿಗಿಗೆ ಹೇಳೇವಿ. ಸಂಜಿ ಆರರಿಂದ ಹತ್ತರತನಕ ಓಡತೈತಿ, ಆಮ್ಯಾಲ ಬ್ಯಾಟರಿ. ಉಳಿದ ಏಳು ಟ್ರ್ಯಾಕ್ಟರಿನವರು ಇನ್ನೂ ನಗತಾ ಅದಾರ. ಗುಡ್ಡದಾಗ ಯಾರಿಗಾದ್ರೂ ತಲಿನೋವು, ವಾಂತಿ ಶುರು ಆದ್ರ ಮೊದಲು ಬಯಲಿಗೆ ಎತ್ತಿಕೊಂಡು ಬರ್ರಿ, ಜನರೇಟರ್ ಬಂದ್ ಮಾಡ್ರಿ, ಒಳಗ ಮಲಗಿದ ಎಲ್ಲಾರನ್ನೂ ಎಬ್ಬಿಸಿ ಎಣಿಸಿರಿ, 108ಕ್ಕ ಫೋನ್ ಹಚ್ಚಿರಿ. ಉಪ್ಪು ಮೆಣಸಿನಕಾಯಿ ಆಮ್ಯಾಲ ಇಳಿ ತಗೀರಿ.

ನಿಮ್ಮ ಜನರೇಟರ್ ಇವತ್ತು ಸಂಜಿಗೆ ಎತ್ತಿ ನೋಡ್ರಿ. ಇಬ್ಬರ ಕೈಲೆ ಎದ್ದರ ಒಯ್ಯಿರಿ. ಏಳದಿದ್ರ ಮನಿಯಾಗ ಬಿಡ್ರಿ.